ಕಿಟಕಿಯಲ್ಲಿ ಪ್ರೇಮಮ್ಮನ ಭುಜ

ಇಲವಾಲ
2 ಜುಲೈ 2025

ಸೌಮ್ಯ,

ಅಪ್ಪನ ಆಶೀರ್ವಾದ. ಹದಿನೈದು ಕಿಲೋಮೀಟರು ದೂರದ ಮಗಳಿಗೆ ಅಂಚೆಯಲ್ಲಿ ಪತ್ರ ಹಾಕುವ ಅಪ್ಪ ಈ ಕಾಲದಲ್ಲಿ ನಾನೊಬ್ಬನೇ ಇರಬೇಕು. ಫೋನು ಮಾಡಿದರೆ ನೀನು ಹೇಳಿದ್ದು ನನ್ನ ಕಿವಿಗೆ ಬೀಳುವುದಿಲ್ಲ. ನೀನು ಬಂದರೆ ಕೂಗಬೇಕು, ಕೂಗಿದರೆ ಪಕ್ಕದ ಮನೆ ಅಂಬುಜಮ್ಮನಿಗೆ ಎಲ್ಲ ಕೇಳುತ್ತದೆ. ಇದು ಕೂಗಿ ಆಡುವ ಮಾತಲ್ಲ.

ಅಮ್ಮ ಹೋಗಿ ಮೊನ್ನೆಗೆ ಆರು ತಿಂಗಳಾಯಿತಲ್ಲ, ಧೈರ್ಯ ಮಾಡಿ ಅವಳ ಟ್ರಂಕು ತೆಗೆದೆ. ಸೀರೆಗಳ ತಳದಲ್ಲಿ ದೊಡ್ಡ ಲಕೋಟೆ, ಅದರೊಳಗೆ ಒಂದು ಎಕ್ಸ್‌ರೇ. ಮೂಲೆಯಲ್ಲಿ ಅವಳ ಹೆಸರು, ವಯಸ್ಸು 57, ತಾರೀಖು 16-11-2021. ಲಕೋಟೆಯ ಮೇಲೆ ನೀನು ಕೆಲಸ ಮಾಡುವ ಎಕ್ಸ್‌ರೇ ಸೆಂಟರಿನ ಹೆಸರು. ಆ ದಿನ ನನಗೆ ನೆನಪಿದೆ. ನಿನಗೆ ಜ್ವರ, ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಕುವೆಂಪುನಗರಕ್ಕೆ ಬಂದಿದ್ದಳು. ಎರಡು ದಿನ ಇದ್ದಳು.

ನಾನು ಮೂಳೆ ಕಟ್ಟಲು ಹಿಡಿದು ನಲವತ್ತೆರಡು ವರ್ಷ. ಯಾರದೇ ಮೂಳೆಯಾಗಲಿ, ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಆದರೆ ಹೆಂಡತಿಯ ಮೂಳೆಯನ್ನು ಕಣ್ಣಿನಲ್ಲಿ ನೋಡಿದ್ದು ಇದೇ ಮೊದಲು. ತೋಳಿನ ಮೂಳೆ ಭುಜಕ್ಕೆ ಕೂರುವ ಜಾಗದ ಹೊರಮಗ್ಗುಲಲ್ಲಿ, ಬರೀ ಮಾಂಸ ಇರಬೇಕಾದ ಕಡೆ, ಬೆಳ್ಳಗೆ ಒಂದು ಗಡ್ಡೆ ಇದೆ. ಅದೇನು? ಅವಳು ಹೋಗಿದ್ದು ಅದರಿಂದಲೇನು?

ಇನ್ನೊಂದು ವಿಷಯ. ಅಡುಗೆಮನೆಯ ಮೇಲಿನ ಎರಡು ಹಲಗೆ ಖಾಲಿ ಇವೆ. ಉಪ್ಪು, ಹುಣಸೆಹಣ್ಣು, ಕಾಫಿಪುಡಿ, ಎಲ್ಲ ಡಬ್ಬಗಳನ್ನೂ ಸೊಂಟದೆತ್ತರಕ್ಕೆ ಇಳಿಸಿದ್ದಾಳೆ. ಯಾವಾಗ ಇಳಿಸಿದಳೋ ನಾನು ನೋಡಲೇ ಇಲ್ಲ. ಹೋಗುವವರಿಗೆ ಮುಂಚೆಯೇ ತಿಳಿದಿರುತ್ತದಂತೆ. ಒಂದೊಂದೇ ಖಾಲಿ ಮಾಡಿಕೊಂಡು ಹೋದಳೇನೋ ಅನ್ನಿಸಿ ಅಲ್ಲೇ ಕೂತುಬಿಟ್ಟೆ.

ಬರೆ.
ಅಪ್ಪ


ಕುವೆಂಪುನಗರ
9 ಜುಲೈ 2025

ಅಪ್ಪನಿಗೆ ನಮಸ್ಕಾರ.

ನಿಮ್ಮ ಕೈಬರಹದ ಲಕೋಟೆ ನೋಡಿ ಗಾಬರಿಯಾಯಿತು. ಓದಿದ ಮೇಲೆ ಸಮಾಧಾನವಾಯಿತು. ಅಷ್ಟೇನಾ ಅನ್ನಿಸಿತು.

ಅದು ವಯಸ್ಸಾದವರಿಗೆ ಬರುವ ಸವೆತ, ಅಪ್ಪ. ಅಮ್ಮ ಬಂದಿದ್ದ ದಿನ ಸೆಂಟರಿನಲ್ಲಿ ಜನ ಕಡಿಮೆ ಇದ್ದರು, ಸುಮ್ಮನೆ ಒಂದು ತೆಗೆದು ನೋಡಿದೆ. ನಿಮಗೆ ಹೇಳುವಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಅಮ್ಮ ಹೋಗಿದ್ದು ಎದೆನೋವಿನಿಂದ, ನಿಮ್ಮ ಕಣ್ಣೆದುರಿಗೇ. ಭುಜಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ ಫಿಲ್ಮನ್ನು ಮಡಚದೆ ನನಗೆ ಕಳಿಸಿಬಿಡಿ. ಇಲ್ಲಿ ಜೋಪಾನವಾಗಿ ಇಡುತ್ತೇನೆ. ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದೀರಾ? ಅದಕ್ಕೆ ಬ್ಯಾಟರಿ ಹಾಕಬೇಕು, ದೇವರ ಗೂಡಿನಲ್ಲಿಟ್ಟು ಊದುಬತ್ತಿ ಹಚ್ಚಿದರೆ ಕೇಳಿಸುವುದಿಲ್ಲ.

ನಿಮ್ಮ
ಸೌಮ್ಯ


ಇಲವಾಲ
16 ಜುಲೈ 2025

ಸೌಮ್ಯ,

ಸವೆತವೆಂದರೆ ಇದ್ದದ್ದು ಕಡಿಮೆಯಾಗುವುದು. ಇಲ್ಲಿ ಇಲ್ಲದ್ದು ಬೆಳೆದಿದೆ. ಮೂಳೆ ಕಟ್ಟುವವನ ಮಗಳು ನೀನು, ಅಪ್ಪನಿಗೆ ಹೇಳುವ ಸುಳ್ಳನ್ನಾದರೂ ಸ್ವಲ್ಪ ಗಟ್ಟಿಯಾಗಿ ಕಟ್ಟಬಾರದಿತ್ತೇ?

ಫಿಲ್ಮು ಕಳಿಸುವುದಿಲ್ಲ. ಅದನ್ನು ಅಡುಗೆಮನೆಯ ಪೂರ್ವದ ಕಿಟಕಿಗೆ ಅಂಟಿಸಿದ್ದೇನೆ. ಬೆಳಿಗ್ಗೆ ಏಳೂವರೆಗೆ ಬಿಸಿಲು ಬಿದ್ದಾಗ ಅವಳ ಭುಜ ಅಲ್ಲಿ ಎದ್ದು ನಿಲ್ಲುತ್ತದೆ. ಒಲೆಯ ಮುಂದೆ ಅವಳು ನಿಲ್ಲುತ್ತಿದ್ದಷ್ಟೇ ಎತ್ತರಕ್ಕೆ. ನಾನು ಕಾಫಿ ಕಾಸಿಕೊಂಡು ಅದರ ಎದುರಿಗೆ ಕೂತು ಕುಡಿಯುತ್ತೇನೆ. ನಿನ್ನೆ ಅದರ ಮೂಲೆಯಲ್ಲಿ ಇನ್ನೂ ಚಿಕ್ಕ ಚಿಕ್ಕ ಬಿಳಿ ಗುಂಡುಗಳು ಕಂಡವು. ಗಡ್ಡೆ ಮರಿ ಹಾಕಿದೆ ಅಂತಲೇ ಅರ್ಥ. ನಿನ್ನ ಸೆಂಟರಿನ ಡಾಕ್ಟರಿಗೆ ಗೊತ್ತಿತ್ತು, ನಿನಗೂ ಗೊತ್ತಿತ್ತು. ಔಷಧಿ ಕೊಡಿಸಲಿಲ್ಲ. ಮೂರು ವರ್ಷದ ಮೇಲೆ ಅವಳನ್ನು ನಾನು ಮಣ್ಣಿಗೆ ಕೊಟ್ಟೆ. ಇದನ್ನು ನಾನು ಹೇಗೆ ನುಂಗಲಿ, ನೀನೇ ಹೇಳು.

ಕೈ ಮಾತ್ರ ಸುಮ್ಮನೆ ಕೂತಿಲ್ಲ. ಮೈಸೂರಿನ ಗರಡಿಯಿಂದ ನಿಶಾಂತ್ ಅನ್ನುವವನು ಬರುತ್ತಿದ್ದಾನೆ. ಇಪ್ಪತ್ತಮೂರು ವಯಸ್ಸು, ದಸರಾ ಕುಸ್ತಿಗೆ ತಯಾರಾಗುತ್ತಿದ್ದವನು ಮಣ್ಣಿನ ಮೇಲೆ ಬಲ ಭುಜ ಊರಿ ಬಿದ್ದಿದ್ದಾನೆ. ಕೀಲು ತಪ್ಪಿತ್ತು, ಕೂರಿಸಿದೆ. ಮಾಂಸವೆಲ್ಲ ನುಜ್ಜಾಗಿ ನೀಲಿಗಟ್ಟಿದೆ. ನಮ್ಮಪ್ಪ ಮಂಟಯ್ಯನವರ ಕಾಲದಿಂದ ನಡೆದು ಬಂದ ಹಾಗೆ ಒಂದು ಮಂಡಲ, ನಲವತ್ತೆಂಟು ದಿನ, ದಿನವೂ ಸಂಜೆ ಒತ್ತಿ ಎಣ್ಣೆ ತಿಕ್ಕಬೇಕು. ಒಂದು ದಿನವೂ ತಪ್ಪಬಾರದು. ಇವತ್ತು ಹನ್ನೆರಡನೇ ದಿನ. ಎಣ್ಣೆ ತಿಕ್ಕಿಸಿಕೊಳ್ಳಲು ಅಮ್ಮ ಕೂರುತ್ತಿದ್ದ ಮಣೆಯ ಮೇಲೆಯೇ ಅವನನ್ನೂ ಕೂರಿಸಿಕೊಳ್ಳುತ್ತೇನೆ.

ನಿಜ ಬರೆ.
ಅಪ್ಪ


ಕುವೆಂಪುನಗರ
21 ಜುಲೈ 2025

ಅಪ್ಪ,

ಮೊದಲು ಆ ಬಿಳಿ ಗುಂಡುಗಳು. ಅವು ಅಮ್ಮನ ತಾಳಿಯ ಗುಂಡುಗಳು. ಎಕ್ಸ್‌ರೇ ತೆಗೆಯುವಾಗ ಸರ ತೆಗೆಯಬೇಕು ಅಂದರೆ ಕೇಳಲಿಲ್ಲ. ಆಚೆ ಭುಜಕ್ಕೆ ಸರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು, ಆದರೂ ಮೂಲೆಯಲ್ಲಿ ಬಂದುಬಿಟ್ಟವು. ಗಡ್ಡೆ ಮರಿ ಹಾಕಿಲ್ಲ. ಅದು ಕ್ಯಾನ್ಸರ್ ಅಲ್ಲ. ಅದರಿಂದ ಅಮ್ಮ ಸಾಯಲಿಲ್ಲ. ಇಷ್ಟಂತೂ ಸತ್ಯ, ನನ್ನ ಮಕ್ಕಳ ಆಣೆ.

ಉಳಿದದ್ದು ಆಮೇಲೆ. ಈಗ ನಿಶಾಂತ್ ವಿಷಯ ಹೇಳಿ. ಭುಜ ಮುಟ್ಟಿದರೆ ಇನ್ನೂ ಬಿಸಿ ಇದೆಯಾ? ಒಳಗೆ ಎಲ್ಲಾದರೂ ಗಟ್ಟಿಯಾಗುತ್ತಿದೆಯಾ? ಮೊದಲ ವಾರ ಕೈ ಎಷ್ಟು ಮೇಲೆ ಬರುತ್ತಿತ್ತು, ಈಗ ಎಷ್ಟು ಬರುತ್ತದೆ? ಇಳಿದಿದ್ದರೆ ದಯವಿಟ್ಟು ತಿಕ್ಕುವುದನ್ನು ನಿಲ್ಲಿಸಿ ಅವನನ್ನು ಇಲ್ಲಿಗೆ ಕಳಿಸಿ. ಒಂದೇ ಒಂದು ಫಿಲ್ಮು ತೆಗೆದು ನೋಡೋಣ.

ಕೂಡಲೇ ಬರೆಯಿರಿ.
ಸೌಮ್ಯ


ಇಲವಾಲ
28 ಜುಲೈ 2025

ಸೌಮ್ಯ,

ತಾಳಿಯೆಂದು ತಿಳಿದ ಮೇಲೆ ಆ ಮೂಲೆಯನ್ನು ನೋಡುವುದು ಇನ್ನೂ ಕಷ್ಟವಾಗಿದೆ. ಕ್ಯಾನ್ಸರ್ ಅಲ್ಲ ಅಂತ ಮಕ್ಕಳ ಆಣೆ ಹಾಕಿದ್ದೀಯ, ನಂಬಿದೆ. ಹಾಗಾದರೆ ಏನು ಅಂತ ಮಾತ್ರ ಇನ್ನೂ ಹೇಳಿಲ್ಲ. ಅದರ ಬದಲು ನನಗೇ ಪಾಠ ಶುರು ಮಾಡಿದ್ದೀಯ. ನಿನ್ನ ಬೆರಳು ಹಿಡಿದು ಇದು ಕತ್ತಿನ ಮೂಳೆ, ಇದು ರೆಕ್ಕೆ ಮೂಳೆ ಅಂತ ಕಲಿಸಿದವನು ನಾನು. ನೀನು ಗುಂಡಿ ಒತ್ತಿ ನೋಡುವವಳು, ನಾನು ಮುಟ್ಟಿ ನೋಡುವವನು. ವ್ಯತ್ಯಾಸ ಇದೆ.

ಕೇಳಿದ್ದಕ್ಕೆ ಹೇಳುತ್ತೇನೆ. ಬಿಸಿ ಇದೆ. ಗಟ್ಟಿಯಾಗುತ್ತಿದೆ. ಮೊದಲ ವಾರ ಕೈ ಕಿವಿಯವರೆಗೆ ಬರುತ್ತಿತ್ತು, ಈಗ ಗಲ್ಲಕ್ಕೆ ನಿಲ್ಲುತ್ತದೆ. ಒಳಗೆ ಮೂಳೆ ಕಚ್ಚಿಕೊಳ್ಳುವಾಗ ಹಾಗಾಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಆಗ ಇನ್ನೂ ಒತ್ತಿ ತಿಕ್ಕಬೇಕು. ನಾನೂ ಹಾಗೇ ಮಾಡುತ್ತಿದ್ದೇನೆ. ಇವತ್ತು ಇಪ್ಪತ್ತನಾಲ್ಕನೇ ದಿನ. ಅರ್ಧಕ್ಕೆ ಮಂಡಲ ಮುರಿದವನು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಒಂದು ಮಾತು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಕಣ್ಣು ಮುಚ್ಚಿಕೊಂಡು ತಿಕ್ಕುವವನು, ನಿನಗೆ ಗೊತ್ತು. ಮೊನ್ನೆ ಹಾಗೆ ತಿಕ್ಕುತ್ತಿದ್ದಾಗ ನನ್ನ ಹೆಬ್ಬೆರಳು ತಾನಾಗಿ ಒಂದು ಜಾಗಕ್ಕೆ ಹೋಗಿ ನಿಂತಿತು. ಹುಣಸೆ ಬೀಜದಷ್ಟು ಒಂದು ಗಂಟು. ನಿನ್ನ ಅಮ್ಮನಿಗೆ ಇದ್ದ ಜಾಗದಲ್ಲೇ, ಅದೇ ಮಗ್ಗುಲಲ್ಲಿ. ಕೈಯಡಿ ಇರುವುದು ಯಾರ ಭುಜ ಅಂತ ಒಂದು ಗಳಿಗೆ ತಿಳಿಯಲಿಲ್ಲ. "ಪ್ರೇಮಾ, ಸ್ವಲ್ಪ ತಡ್ಕೊ" ಅಂದುಬಿಟ್ಟೆನಂತೆ. ನಿಶಾಂತ್ ತಿರುಗಿ ನನ್ನ ಮುಖ ನೋಡಿದ. ಆಗಲೇ ಅವಳ ದನಿಯೂ ಕೇಳಿಸಿತು. ದಿನಾ ಎಣ್ಣೆ ತಿಕ್ಕುವಾಗ ಹೇಳುತ್ತಿದ್ದಳಲ್ಲ, "ಸಾಕು ಬುಡಿ, ನಿಮ್ ಕೈ ನೋಯ್ತದೆ" ಅಂತ. ಬಸ್ಸಿನ ಹಾರ್ನೂ ಕೇಳದ ಕಿವಿಗೆ ಅದೊಂದು ಸ್ಪಷ್ಟವಾಗಿ ಕೇಳಿಸಿತು. ಆಮೇಲಿಂದ ದಿನಾ ಕೇಳಿಸುತ್ತಿದೆ. ತನಗೆ ನೋವಿದ್ದರೂ ನನ್ನ ಕೈಯ ಚಿಂತೆ ಮಾಡುತ್ತಿದ್ದ ಹೆಂಗಸು. ಹೋದ ಮೇಲೂ ಮಾಡುತ್ತಿದ್ದಾಳೆ.

ಅಪ್ಪ


ಕುವೆಂಪುನಗರ
31 ಜುಲೈ 2025

ಅಪ್ಪ,

ಈ ಪತ್ರವನ್ನು ಕೂತು ಓದಿ. ಪೂರ್ತಿ ಓದಿ.

2021ರ ಸೆಪ್ಟೆಂಬರಿನಲ್ಲಿ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ನೀವು ಕೀಲು ಕೂರಿಸಿದಿರಿ. ಅದನ್ನು ಸರಿಯಾಗಿಯೇ ಕೂರಿಸಿದ್ದಿರಿ, ಫಿಲ್ಮು ನೋಡಿದ ನಮ್ಮ ಡಾಕ್ಟರು ಯಾರು ಕೂರಿಸಿದ್ದು ಅಂತ ಕೇಳಿ ತಲೆದೂಗಿದರು. ಆಮೇಲೆ ಮಂಡಲ ಹಿಡಿದಿರಿ. ಮಂಡಲ ಮುಗಿದ ಮೇಲೆ ಅವಳ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಜ್ವರ ನನಗಿರಲಿಲ್ಲ, ಅಪ್ಪ. ತನ್ನ ತಲೆ ತಾನೇ ಬಾಚಿಕೊಳ್ಳಲು ಆಗುತ್ತಿಲ್ಲ ಅಂತ ಹೇಳಲು ಬಂದಿದ್ದಳು.

ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಪೆಟ್ಟು ಬಿದ್ದು ನುಜ್ಜಾದ ಮಾಂಸಕ್ಕೆ ಬೇಕಾದ್ದು ವಿಶ್ರಾಂತಿ. ಅದನ್ನು ದಿನವೂ ಒತ್ತಿ ತಿಕ್ಕಿದರೆ ಒಳಗೆ ಮತ್ತೆ ಮತ್ತೆ ರಕ್ತ ಕಟ್ಟುತ್ತದೆ, ಮಾಂಸದೊಳಗೇ ಮೂಳೆ ಹುಟ್ಟುತ್ತದೆ. ತಿಕ್ಕದಿದ್ದರೂ ಬರೀ ಪೆಟ್ಟಿನಿಂದಲೇ ಕೆಲವರಿಗೆ ಹಾಗೆ ಬೆಳೆಯುವುದುಂಟು. ತಿಕ್ಕಿದರೆ ಹೆಚ್ಚು. ಮೂರನೇ ನಾಲ್ಕನೇ ವಾರದಲ್ಲಿ ಭುಜ ಬಿಸಿಯಾಗಿ, ಗಟ್ಟಿಯಾಗಿ, ಕೈ ಮೇಲೇಳುವುದು ಕಡಿಮೆಯಾಗುತ್ತಾ ಬಂದರೆ ಅದೇ ಗುರುತು. ನೀವು ನಿಶಾಂತ್ ಬಗ್ಗೆ ಬರೆದ ಮೂರೂ ಅದೇ.

ಕಿಟಕಿಯಲ್ಲಿ ನೀವು ನೋಡುತ್ತಿರುವ ಗಡ್ಡೆ ರೋಗವಲ್ಲ. ಅದು ಮೂಳೆ. ತಿಕ್ಕಿ ತಿಕ್ಕಿ ಬೆಳೆಸಿದ್ದು.

ಅಮ್ಮನ ಕೈಯನ್ನು ಯಂತ್ರದ ಮುಂದೆ ಸ್ವಲ್ಪ ಎತ್ತಿಸುವಾಗ "ನೋಯ್ತದಾ ಅಮ್ಮ?" ಅಂದೆ. "ನಿಮ್ಮಪ್ಪ ತಿಕ್ಕೋವಾಗಿನಷ್ಟು ಇಲ್ಲ ಬುಡು" ಅಂತ ನಕ್ಕಳು. ಡಾಕ್ಟರು ಎಲ್ಲ ಹೇಳಿ ಮುಗಿಸಿದ ಮೇಲೆ ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು. "ನಿಮ್ಮಪ್ಪಂಗೆ ಹೇಳ್ಬ್ಯಾಡ ಕಣವ್ವ. ಆ ಕೈ ನಂಬ್ಕೊಂಡು ಎಷ್ಟು ಜನ ಬತ್ತಾರೆ. ನನ್ನ ಭುಜ ಹೋದ್ರೆ ಹೋಗ್ಲಿ, ಅವ್ರ ಕೈ ಹೋಗ್ಬಾರ್ದು." ಒಂದು ವರ್ಷ ಬಿಟ್ಟು ಆಪರೇಷನ್ ಮಾಡಿ ತೆಗೆಯಬಹುದಿತ್ತು. ನಿಮಗೆ ತಿಳಿದುಬಿಡುತ್ತದೆ ಅಂತ ಅದಕ್ಕೂ ಒಪ್ಪಲಿಲ್ಲ. ಸಾವು ತಿಳಿದು ಹಲಗೆ ಖಾಲಿ ಮಾಡಿದವಳಲ್ಲ ಅಪ್ಪ ಅವಳು. ಮೇಲಿನ ಹಲಗೆ ಅವಳ ಕೈಗೆ ಎಟುಕುತ್ತಿರಲಿಲ್ಲ.

ನಾನು ಮಾತು ಕೊಟ್ಟೆ, ನಾಲ್ಕು ವರ್ಷ ಉಳಿಸಿಕೊಂಡೆ. ಆ ನಾಲ್ಕು ವರ್ಷದಲ್ಲಿ ನಿಮ್ಮ ಮಣೆಯ ಮೇಲೆ ಎಷ್ಟು ಭುಜ ಕೂತು ಎದ್ದು ಹೋದವೋ. ಅದರಲ್ಲಿ ನನ್ನ ಪಾಲೂ ಇದೆ. ಇವತ್ತು ಅಮ್ಮನಿಗೆ ಕೊಟ್ಟ ಮಾತು ಮುರಿದಿದ್ದೇನೆ. ನೀವು ಮಂಡಲ ಮುರಿಯಿರಿ, ಅಪ್ಪ. ಈ ಪತ್ರ ಕೈಗೆ ಬಂದ ಸಂಜೆಯೇ ಮುರಿಯಿರಿ. ಅವನಿಗೆ ಇಪ್ಪತ್ತಮೂರು ವಯಸ್ಸು.

ಸೌಮ್ಯ


ಕುವೆಂಪುನಗರ
18 ಆಗಸ್ಟ್ 2025

ಅಪ್ಪ,

ಹದಿನೆಂಟು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಭುಜ ಹಿಡಿದುಕೊಂಡು ಯಾರೇ ಸೆಂಟರಿನ ಬಾಗಿಲಿಗೆ ಬಂದರೂ ನಿಶಾಂತ್ ಇರಬಹುದು ಅಂತ ಹೆಸರು ಕೇಳುತ್ತಿದ್ದೇನೆ. ಯಾರೂ ಅವನಲ್ಲ. ಇನ್ನು ಮೂರು ದಿನಕ್ಕೆ ನಲವತ್ತೆಂಟು ತುಂಬುತ್ತದೆ.

ನಿನ್ನೆ ಭಾನುವಾರ ಹುಣಸೂರು ಬಸ್ಸು ಹತ್ತಿ ಬಂದಿದ್ದೆ. ಬಾಗಿಲು ತೆರೆದೇ ಇತ್ತು. ನೀವು ಹಿತ್ತಲಲ್ಲಿ ಬೆನ್ನು ಹಾಕಿ ಕೂತಿದ್ದಿರಿ. ಎರಡು ಸಲ ಕರೆದೆ. ಕಿವಿಗೆ ಬೀಳಲಿಲ್ಲವೋ, ಬಿದ್ದರೂ ತಿರುಗಲಿಲ್ಲವೋ ತಿಳಿಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಫಿಲ್ಮು ಇದೆಯಾ ಅಂತ ನೋಡಿದೆ, ಇತ್ತು. ಇನ್ನೊಂದು ಸಲ ಕೂಗಿ ಕರೆಯುವ ಧೈರ್ಯ ಬರಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಬಂದೆ.

ಬಯ್ಯಿರಿ, ಪರವಾಗಿಲ್ಲ. ನಿಲ್ಲಿಸಿದೆ ಅಂತ ಒಂದು ಮಾತು ಬರೆಯಿರಿ.

ಸೌಮ್ಯ


ಇಲವಾಲ
25 ಆಗಸ್ಟ್ 2025

ಸೌಮ್ಯ,

ಈ ಪತ್ರ ತಂದುಕೊಟ್ಟವನೇ ನಿಶಾಂತ್. ಮೊದಲು ಅವನ ಫಿಲ್ಮು ತೆಗೆ, ಆಮೇಲೆ ಓದು.

ನಿಲ್ಲಿಸಿದೆ. ಆದರೆ ನಿನ್ನ ಪತ್ರ ಬಂದ ಸಂಜೆಯೇ ನಿಲ್ಲಿಸಲಿಲ್ಲ. ಬರೀ ಪೆಟ್ಟಿನಿಂದಲೂ ಕೆಲವರಿಗೆ ಬೆಳೆಯುತ್ತದೆ ಅಂತ ನೀನು ಬರೆದಿದ್ದೆಯಲ್ಲ, ಅದೊಂದು ಸಾಲನ್ನು ಹಿಡಿದುಕೊಂಡು ಇನ್ನೂ ಮೂರು ಸಂಜೆ ತಿಕ್ಕಿದೆ. ನಾಲ್ಕನೆಯ ಸಂಜೆ ಎಣ್ಣೆ ಕಾಸಿ ಬಟ್ಟಲು ಹಿಡಿದುಕೊಂಡು ಬಂದಾಗ ನಿಶಾಂತ್ ಶರಟು ಬಿಚ್ಚಿ ಮಣೆಯ ಮೇಲೆ ಕೂತು ಹಲ್ಲು ಕಚ್ಚಿಕೊಂಡ. ಇನ್ನೂ ನಾನು ಮುಟ್ಟಿರಲಿಲ್ಲ. ಅವಳೂ ಹಾಗೇ ಕೂರುತ್ತಿದ್ದಳು. ಬಟ್ಟಲು ಕೆಳಗಿಟ್ಟೆ. ಆ ಮೂರು ದಿನದ್ದು ಏನಾದರೂ ಫಿಲ್ಮಿನಲ್ಲಿ ಬೇರೆಯಾಗಿ ಕಂಡರೆ ನನಗೆ ಹೇಳು, ಮುಚ್ಚಿಡಬೇಡ.

ಅವನನ್ನು ನಿನ್ನ ಹತ್ತಿರ ಕಳಿಸಲು ಇಷ್ಟು ದಿನ ಬೇಕಾಯಿತು. ಅವನೇ ಒಪ್ಪಲಿಲ್ಲ. "ಮಂಡಲ ಮುರುದ್ರೆ ಕೈ ಬಿದ್ದೋಯ್ತದೆ ಅಂದೋರು ನೀವೇ ಅಲ್ವಾ ಅಜ್ಜ? ಈಗ ನೀವೇ ಮುರೀರಿ ಅಂತೀರಲ್ಲ" ಅಂತ ಜಗಳಕ್ಕೆ ನಿಂತ. ಬೇರೆ ಕಡೆ ಹೋಗಿ ತಿಕ್ಕಿಸಿಕೊಳ್ಳುತ್ತೇನೆ ಅಂದ. ಹೋಗದಿರಲಿ ಅಂತ ದಿನಾ ಸಂಜೆ ಬಾ, ಬಂದು ಕೂತುಕೋ ಅಂದೆ. ಬಂದು ಕೂರುತ್ತಿದ್ದ, ನಾನು ಮುಟ್ಟುತ್ತಿರಲಿಲ್ಲ. ಮೊನ್ನೆ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಿಟಕಿಯ ಮುಂದೆ ನಿಲ್ಲಿಸಿದೆ. "ಇದು ನನ್ ಹೆಂಡ್ತಿ ಭುಜ ಕಣಪ್ಪ. ನಾನೇ ಮಾಡಿದ್ದು. ನಿಂದೂ ನಾನೇ ಮಾಡ್ತಿದೀನಿ" ಅಂದೆ. ಬಹಳ ಹೊತ್ತು ನೋಡಿದ. ಶರಟು ಹಾಕಿಕೊಂಡು ವಿಳಾಸ ಕೇಳಿದ.

ಈಗ ನಿನಗೆ ಹೇಳಬೇಕಾದ್ದು. ನನಗೆ ಗೊತ್ತಿತ್ತು, ಸೌಮ್ಯ. ನಿನ್ನ ಡಾಕ್ಟರಿನಷ್ಟು ಅಲ್ಲ, ಆದರೆ ಹೆಬ್ಬೆರಳಿಗೆ ಗೊತ್ತಿತ್ತು. ಮೂಳೆ ಇರಬೇಕಾದ ಕಡೆ ಇದ್ದರೆ ನನ್ನ ಬೆರಳು ಮುಂದಕ್ಕೆ ಹೋಗುತ್ತದೆ. ಅವಳ ಭುಜದಲ್ಲಿ ಮೂರನೇ ವಾರದಿಂದ ಅದು ಅಲ್ಲೇ ನಿಲ್ಲುತ್ತಿತ್ತು. ಮಾಂಸದ ಗಂಟು, ಕರಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಕರಗಲಿ ಅಂತ ಇನ್ನೂ ಒತ್ತಿದೆ. ಮಂಡಲ ಮುಗಿದು ಕೈ ಏಳದಿದ್ದಾಗ ತಿಳಿಯಿತು. ತಿಳಿದ ಮೇಲೆ ನಿಲ್ಲಿಸಿದರೆ ಅವಳಿಗೂ ತಿಳಿಯುತ್ತದಲ್ಲ? ಅದಕ್ಕೇ ಮೂರು ವರ್ಷ ದಿನಾ ಆರು ಗಂಟೆಗೆ ಎಣ್ಣೆ ಕಾಸಿದೆ. ಕೊನೆಯ ವರ್ಷ ನಾನು ತಿಕ್ಕುತ್ತಲೇ ಇರಲಿಲ್ಲ, ಸುಮ್ಮನೆ ಅದರ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದೆ. ಯಾಕೆ ತಿಕ್ಕುತ್ತಿಲ್ಲ ಅಂತ ಅವಳು ಒಂದು ದಿನವೂ ಕೇಳಲಿಲ್ಲ. ನನಗೆ ತಿಳಿಯಬಾರದೆಂದು ಅವಳು ಮುಚ್ಚಿಟ್ಟಳು, ಅವಳಿಗೆ ತಿಳಿಯಬಾರದೆಂದು ನಾನು. ಇಬ್ಬರೂ ಅದೇ ಗಂಟಿನ ಆಚೆ ಈಚೆ ಕೂತಿದ್ದೆವು.

ಟ್ರಂಕಿನಲ್ಲಿ ಫಿಲ್ಮು ಸಿಕ್ಕಾಗ ರೋಗವಾಗಿರಲಿ ಅಂತ ಆಸೆಪಟ್ಟೆ. ತಪ್ಪನ್ನು ನಿನ್ನ ತಲೆಗೆ, ನಿನ್ನ ಡಾಕ್ಟರ ತಲೆಗೆ ಕಟ್ಟಬಹುದಿತ್ತು. ಅದಕ್ಕೇ ಹಾಗೆಲ್ಲ ಬರೆದೆ. ಕ್ಷಮಿಸು ಅಂತ ಮಗಳಿಗೆ ಬರೆಯುವುದು ಹೇಗೋ ನನಗೆ ಗೊತ್ತಿಲ್ಲ. ಬರೆದಿದ್ದೇನೆ ಅಂತ ತಿಳಿದುಕೋ.

"ಸಾಕು ಬುಡಿ" ಈಗಲೂ ಕೇಳಿಸುತ್ತಿದೆ. ನನ್ನ ಕೈ ನೋಯುತ್ತದೆ ಅಂತ ಅವಳು ಹೇಳಿದ್ದಲ್ಲ ಅದು. ನಲವತ್ತೆಂಟು ದಿನವೂ ಬೇಡಿಕೊಂಡಿದ್ದಳು. ಆಗ ಕಿವಿ ಇಷ್ಟು ಕೆಟ್ಟಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು.

ಹಿಂದೆ ನಾನು ಭುಜ ತಿಕ್ಕಿ ಕಳಿಸಿದ ಉಳಿದವರೂ ಒಬ್ಬೊಬ್ಬರೇ ನೆನಪಿಗೆ ಬರುತ್ತಿದ್ದಾರೆ. ಟೋಪಿಯನ್ನು ಎಡಗೈಯಲ್ಲಿ ಹಾಕಿಕೊಳ್ಳುವ ಸಿದ್ದಮಲ್ಲಪ್ಪ. ಗರಡಿ ಬಿಟ್ಟು ಸೈಕಲ್ ಅಂಗಡಿ ಇಟ್ಟ ಹುಚ್ಚಣ್ಣ. ಕೀಲು ಕೂರಿಸಿ, ಮೊಟ್ಟೆಯ ಬಿಳಿ ಹಚ್ಚಿ ಬಿದಿರ ದಬ್ಬೆ ಕಟ್ಟಿದ ಕೈಗಳೆಲ್ಲ ಚೆನ್ನಾಗಿಯೇ ಕೂಡಿವೆ, ಅದನ್ನೂ ಹೇಳಬೇಕು. ಆದರೆ ಅವರ್ಯಾರೂ ಬರುತ್ತಿಲ್ಲ. ಬರುವವರು ಇವರೇ. ಬಂದು ಅಡುಗೆಮನೆಯಲ್ಲಿ ಅವಳ ಹತ್ತಿರ ನಿಲ್ಲುತ್ತಾರೆ.

ನೀನು ಬಂದ ದಿನ ನೀನು ಕರೆದದ್ದು ಕೇಳಿಸಿತು.

ಫಿಲ್ಮು ಕಳಿಸುತ್ತಿಲ್ಲ. ನಿಶಾಂತನದೂ ಒಂದು ಪ್ರತಿ ಕೊಡು. ಕಿಟಕಿಯಲ್ಲಿ ಪಕ್ಕದಲ್ಲೇ ಜಾಗ ಬಿಟ್ಟಿದ್ದೇನೆ.

ಅಪ್ಪ


ಕುವೆಂಪುನಗರ
28 ಆಗಸ್ಟ್ 2025

ಅಪ್ಪ,

ತೆಗೆದೆ. ಬೆಳೆದಿದೆ. ಅಮ್ಮನದರಷ್ಟಿಲ್ಲ, ಅದರ ಅರ್ಧ. ಅಂಚು ಇನ್ನೂ ಮಸುಕಾಗಿದೆ. ಇನ್ನು ಯಾರೂ ಒತ್ತದಿದ್ದರೆ ಇಲ್ಲಿಗೇ ನಿಲ್ಲಬಹುದು, ತಾನಾಗಿ ಎಷ್ಟು ಎತ್ತಬಲ್ಲನೋ ಅಷ್ಟೇ ಎತ್ತುತ್ತಾ ಹೋದರೆ ಕೈ ಬಹುಪಾಲು ಬರಬಹುದು ಅಂತ ಡಾಕ್ಟರು ಹೇಳಿದರು. ಖಂಡಿತ ಅಂತ ಹೇಳಲಿಲ್ಲ. ಈ ದಸರಾಕ್ಕೆ ಕುಸ್ತಿ ಇಲ್ಲ. ಮುಂದಿನದ್ದೂ ಗೊತ್ತಿಲ್ಲ. ನಿಶಾಂತ್ ಅಮ್ಮ ಕೂತಿದ್ದ ಬೆಂಚಿನ ಮೇಲೆಯೇ ಕೂತು ಅತ್ತ. ನಿಮ್ಮನ್ನು ಬಯ್ದ, ಬಯ್ದಷ್ಟನ್ನೂ ಕೇಳಿಸಿಕೊಂಡೆ. ಎದ್ದು ಹೋಗುವಾಗ "ಅಜ್ಜನ್ನ ಒಂಟಿ ಬುಡ್ಬೇಡಿ ಅಕ್ಕ, ಆ ಕಿಟ್ಕಿ ಜೊತೆ ಮಾತಾಡ್ತಾರೆ" ಅಂದ.

ನೀವು ಹೆಚ್ಚಿಗೆ ತಿಕ್ಕಿದ ಮೂರು ದಿನ ಫಿಲ್ಮಿನಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅಂಥದ್ದು ಯಾವ ಫಿಲ್ಮಿನಲ್ಲೂ ಕಾಣುವುದಿಲ್ಲ.

ಪ್ರತಿಯನ್ನು ಅಂಚೆಗೆ ಹಾಕುತ್ತಿಲ್ಲ, ಭಾನುವಾರ ನಾನೇ ತರುತ್ತೇನೆ. ಇನ್ನೊಂದು ವಿಷಯ ಇದೆ, ಇದನ್ನು ಯಾರಿಗೂ ಹೇಳಿಲ್ಲ. ರೋಗಿಗಳನ್ನು ಎತ್ತಿ ಮಲಗಿಸಿ ಒಂದು ವರ್ಷದಿಂದ ನನ್ನ ಬಲ ಭುಜವೂ ನೋಯುತ್ತಿದೆ. ದಿನಾ ಊರವರದೆಲ್ಲ ತೆಗೆಯುತ್ತೇನೆ, ನನ್ನದನ್ನು ತೆಗೆಸಿಕೊಳ್ಳಲು ಹೆದರಿಕೆ.

ಆರು ಗಂಟೆಗೆ ಮಣೆ ಹಾಕಿಡಿ, ನಾನು ಕೂರುತ್ತೇನೆ. ಎಣ್ಣೆ ಬೇಡ. ಕೈ ಇಟ್ಟು ನೋಡಿ, ಬೆರಳಿಗೆ ಗೊತ್ತಾದದ್ದನ್ನು ಗೊತ್ತಾದ ಹಾಗೇ ಹೇಳಿ. ಅಂಬುಜಮ್ಮನಿಗೆ ಕೇಳಿಸಿದರೆ ಕೇಳಿಸಲಿ, ಕೂಗಿಯೇ ಮಾತಾಡೋಣ. ನಾನು ಸಾಕು ಅಂದರೆ ಕೈ ತೆಗೆಯಬೇಕು. ಅದು ಕೇಳಿಸದಿದ್ದರೆ ನಿಮ್ಮ ಮಣಿಕಟ್ಟು ತಟ್ಟುತ್ತೇನೆ.

ಸೌಮ್ಯ